ನಾಕು ಟಾಯರು, ಮೂರು ಮಂದಿ ಜಾಣರು

ನಮ್ಮ ಮನ್ಯಾಗ ಏನರ ಒಂದು ಸಾಮಾನ ತರೂದೈತಿ ಅಂದ್ರ, ಅದು ಮನೀಗೆ ಬರೂಕಿಂತ ಮೊದಲ ಸುದ್ದಿಯಾಗಿ ಓಣಿ ತುಂಬ ತಿರಗತೈತಿ. ಒಮ್ಮಿ ಚಾ ಸೋಸೂ ಜರಡಿ ಹರದಿತ್ತು. ಸ್ಟೀಲಿಂದು ಚಲೋನೋ ಪ್ಲಾಸ್ಟಿಕಿಂದು ಚಲೋನೋ ಅಂತ ನಮ್ಮ ಮನಿಯವ್ರು ಎರಡು ತಿಂಗಳ ಮಂದೀನ ಕೇಳಕೋತ ಅಡ್ಡಾಡಿದ್ರು. ಅಲ್ಲೀಮಟಾ ನಾವು ಚಾಪುಡಿ ಅಗದು ಅಗದು ಚಾ ಕುಡದ್ವಿ. ಇಂಥಾ ಮನ್ಯಾಗ ಕಾರಿನ ಟಾಯರ ಬದಲಿ ಮಾಡೂ ಪ್ರಸಂಗ ಬಂತಂದ್ರ ಏನಾಗಬೇಕು, ನೀವ ವಿಚಾರ ಮಾಡ್ರಿ. ಮಂದಿ ಇದನ್ನ ಕೇಳಿ ನಗತಾರ. ನನಗೂ ಈಗ ನಗು ಬರ್ತೈತಿ ಖರೇ, ಆದ್ರ ಸಿಟ್ಟು ಪೂರಾ ಇಳದಿಲ್ಲ.

೧. ಎಡಗಡೆ ಸೀಟಿನ ಮಾಲಕರು

ನಾವಿರೂದು ನವಲಗುಂದದಾಗ. ನಾ ಮೊರಬದ ಸಾಲ್ಯಾಗ ಗಣಿತ ಕಲಸ್ತೇನಿ. ನಮ್ಮವ್ರು ಇಲ್ಲೇ ಒಂದು ಸರಕಾರಿ ಆಫೀಸಿನ್ಯಾಗ ಗುಮಾಸ್ತರು. ಮನಿಂದ ಆಫೀಸು ಎಷ್ಟು ದೂರ ಅಂದ್ರ, ಹೊಂಡೂವಾಗ ಬಾಯಾಗ ಹಾಕ್ಕೊಂಡ ಎಲಿ ಅಡಿಕಿ ಮುಗಿಯೂದ್ರಾಗ ಕುರ್ಚಿ ಬರ್ತೈತಿ.

ಆರು ವರ್ಷದ ಹಿಂದ ಒಂದು ಬಿಳೇ ಕಾರು ತಗೊಂಡ್ವಿ. ಸಣ್ಣ ಗಾಡಿ ಸಾಕು ಅಂದಿದ್ದೆ ನಾನು. ನಮ್ಮವ್ರ ಅಣ್ಣ, ಅಂದ್ರ ನಮ್ಮ ಭಾವಾರು, ಕುಬಿಹಾಳದಾಗ ಇರ್ತಾರ, ದನದ ಸಂತ್ಯಾಗ ದಲ್ಲಾಳಿ ಮಾಡ್ತಾರ. "ಹಿಂದ ಡಿಕ್ಕಿ ಇಲ್ಲದ ಕಾರಂದ್ರ ಬಾಲಾ ಇಲ್ಲದ ಎತ್ತಿದ್ದಂಗ" ಅಂದ್ರು ಅವರು. ಮುಗೀತು, ಡಿಕ್ಕಿ ಇರೂ ಉದ್ದಾನ ಗಾಡೀನ ಬಂತು.

ಗಾಡಿ ನಮ್ಮವ್ರ ಹೆಸರಿಲೆ ಐತಿ. ಲೈಸೆನ್ಸೂ ಐತಿ. ಆದ್ರ ಗಾಡಿ ಬಂದ ಎಂಟನೇ ದಿನಾ ಓಣ್ಯಾಗ ಯಾರೋ ಒಣಾ ಹಾಕಿದ್ದ ಬ್ಯಾಡಗಿ ಮೆಣಸಿನಕಾಯಿ ರಾಶ್ಯಾಗ ಹೊಗಿಸಿದ್ರು. ಹೊಗಿಸಿದವ್ರು ಸುಮ್ಮ ನಿಂದ್ರಬೇಕಿಲ್ಲೋ? ಗಾಬರ್ಯಾಗಿ ಒಮ್ಮಿ ಹಿಂದ, ಒಮ್ಮಿ ಮುಂದ, ಮತ್ತೊಮ್ಮಿ ಹಿಂದ ಹೊಡದು ಅಲ್ಲೇ ಖಾರಪುಡಿ ಕುಟ್ಟಿಬಿಟ್ರು. ಎರಡು ದಿನ ಓಣಿ ಮಂದಿ ಎಲ್ಲಾ ಸೀನಿದ್ರು. ಮೂರನೇ ದಿನಾ, "ಗಣಿತ ಕಲಿಸೋರಿಗೆ ಅಂದಾಜು ಚಲೋ ಇರ್ತೈತಿ, ನೀನ ಹೊಡಿ" ಅಂತ ಚಾವಿ ನನ್ನ ಕೈಯಾಗ ಇಟ್ರು.

ಅವತ್ತಿಂದ ದಿನಾ ಮೊರಬಕ್ಕ ನಾನ ಹೊಡಕೊಂಡ ಹೋಗ್ತೇನಿ. ನನ್ನ ಜೋಡಿ ಅದ ಸಾಲಿಯ ವಿಜ್ಞಾನದ ಟೀಚರೂ ಬರ್ತಾರ. ನಮ್ಮವ್ರು ಬರೇ ರವಿವಾರ ಎಡಗಡೆ ಸೀಟಿನ್ಯಾಗ ಕೂತು ನನಗ ಗಾಡಿ ಹೊಡಿಯೂದು ಕಲಸ್ತಾರ. "ಏ ಬ್ರೇಕ! ಬ್ರೇಕ! ಎಮ್ಮಿ ಬಂತು!" ಅಂತ ಚೀರಿ, ತಮ್ಮ ಕಾಲಾಗ ಇಲ್ಲದ ಬ್ರೇಕನ್ನ ಗಟ್ಟಿ ತುಳೀತಾರ.

ಈ ವರ್ಷ ಯುಗಾದಿ ಮುಂದ ಒಂದಿನ ಪಂಕ್ಚರ ಆತು. ಪಂಕ್ಚರ ತಿದ್ದೂ ಮನಶ್ಯಾ ನಾಕೂ ಟಾಯರಿನ ಮ್ಯಾಲೆ ಕೈಯಾಡಿಸಿ ನನ್ನ ಮಾರಿ ನೋಡಿದಾ. "ಅಕ್ಕಾರ, ಇವು ಟಾಯರ ಅಲ್ರಿ, ಗಾಳಿ ತುಂಬಿದ ಫುಗ್ಗಾ. ಗೀರ ಎಲ್ಲಾ ಸವದು ಬೋಳ ಆಗ್ಯಾವ. ಮಳಿ ಹತ್ತೂದ್ರಾಗ ನಾಕೂ ಬದಲಿ ಮಾಡ್ರಿ. ಯರಿ ಮಣ್ಣಿನ ರಾಡಿ ಮ್ಯಾಲೆ ಇವು ನಿಂದ್ರಂಗಿಲ್ಲ."

ನನಗ ಮೊದಲ ನೆನಪಾದದ್ದು ಹಿಂದಿನ ಸೀಟು. ಯಾಕಂದ್ರ ಅವತ್ತಿಗೆ ನಮ್ಮ ವಿಜ್ಞಾನದ ಟೀಚರು ನಾಕು ತಿಂಗಳ ಬಸರಿ. ಮಳಿ ಹತ್ತೂದ್ರಾಗ ಏಳು ತಿಂಗಳು. ಏಳು ತಿಂಗಳ ಬಸರಿನ್ನ ಹಿಂದ ಕೂಡಿಸ್ಕೊಂಡು ಫುಗ್ಗಾದ ಮ್ಯಾಲೆ ಮೊರಬಕ್ಕ ಹೋಗಾಕಿ ನಾನು. ಸಂಜೀಕ ಮನೀಗೆ ಬಂದಾಕಿನ ನಮ್ಮವ್ರಿಗೆ ಹೇಳಿದೆ. ಅವರು ಚಷ್ಮಾ ಹಾಕ್ಕೊಂಡು ಗಾಡಿ ಸುತ್ತ ಎರಡು ಸುತ್ತು ಹಾಕಿದ್ರು, ಒಳಗ ಹೊರಗ ಎಲ್ಲಾ ಇಣಕಿ ನೋಡಿದ್ರು.

"ಟಾಯರ ಇರಲಿ ಬಿಡು" ಅಂದ್ರು ಕಡೀಕ. "ಎಡಗಡೆ ಸೀಟಿನ ಮುಂದಿನ ಮ್ಯಾಟ ನೋಡ, ಹೆಂಗ ತೂತ ಬಿದ್ದೈತಿ! ಮೊದಲ ಅದನ್ನ ಬದಲಿ ಮಾಡಬೇಕು."

೨. ಟಾಯರಿನ ಕಡತ

ನಾ ಬಿಡಲಿಲ್ಲ. ದಿನಾ ಊಟಕ್ಕ ನೀಡೂವಾಗೊಮ್ಮಿ, ತಾಟು ಎತ್ತೂವಾಗೊಮ್ಮಿ ಟಾಯರ ಟಾಯರ ಅಂದೆ. ತಡಕೊಳ್ಳಾಕ ಆಗದ, "ಹಂಗ ಗಡಿಬಿಡ್ಯಾಗ ತಗೊಳ್ಳಾಕ ಬರಂಗಿಲ್ಲ, ಶಿರಸ್ತೇದಾರ್ರನ್ನ ಒಂದ ಮಾತ ಕೇಳೂಣು" ಅಂದ್ರು.

ಈ ಶಿರಸ್ತೇದಾರ್ರು ನಮ್ಮವ್ರ ಹಳೇ ಸಾಹೇಬ್ರು. ನಿವೃತ್ತಿಯಾಗಿ ನಮ್ಮ ಮನಿಂದ ಎರಡು ಮನಿ ಆಚೆ ಅದಾರ. ಅವರ ಹಂತ್ಯಾಕ ಕಾರಿಲ್ಲ, ಸ್ಕೂಟರಿಲ್ಲ, ಸೈಕಲ್ಲಿಗೂ ಅವರಿಗೂ ಸಂಬಂಧ ಇಲ್ಲ. ಆದ್ರೂ ಕೇಳಬೇಕು, ಯಾಕಂದ್ರ ಅವರು ಸಾಹೇಬ್ರು.

ಬಂದ್ರು, ಕೂತ್ರು, ಚಾ ಕುಡದ್ರು. ಬಸಿ ಕೆಳಗಿಟ್ಟು ಕೇಳಿದ್ರು, "ಅರ್ಜಿ ಎಲ್ಲೈತಿ?"

"ಯಾವ ಅರ್ಜಿರಿ?" ಅಂದೆ ನಾನು.

"ಟಾಯರ ಬೇಕು ಅನ್ನೋರದು. ಬಾಯಿಮಾತಿಲೆ ಯಾವ ಕೆಲಸಾನೂ ಮುಂದ ಹೋಗಂಗಿಲ್ಲವಾ."

ಚೇಷ್ಟಿ ಮಾಡಾಕತ್ತಾರ ಅಂತ ನಾ ನಕ್ಕೆ. ಯಾರೂ ನಗಲಿಲ್ಲ. ನಮ್ಮವ್ರು ಎದ್ದು ಹೋಗಿ ಬಿಳೀ ಹಾಳಿ, ಪೆನ್ನು ತಂದು ನನ್ನ ಮುಂದ ಇಟ್ರು. ಹೋಗ್ಲಿ ಬಿಡು, ಟಾಯರ ಬಂದ್ರ ಸಾಕು ಅಂತ ಬರದೆ: "ಮಾನ್ಯರೇ, ನಮ್ಮ ಗಾಡಿಯ ನಾಕೂ ಟಾಯರು ಸವೆದಿವೆ. ಮಳೆಗಾಲದ ಒಳಗೆ ಬದಲಿಸಿ ನಮ್ಮ ಜೀವ ಉಳಿಸಬೇಕಾಗಿ ವಿನಂತಿ." ಹದಿನೆಂಟು ವರ್ಷ ಹುಡುಗರ ರಜಾ ಅರ್ಜಿ ತಗೊಂಡಾಕಿ ನಾನು, ನನ್ನ ಮನ್ಯಾಗ ನಾನ ಅರ್ಜಿ ಬರಕೊಟ್ಟೆ. ಶಿರಸ್ತೇದಾರ್ರು ಅದರ ಅಂಚಿನ್ಯಾಗ "ಪರಿಶೀಲಿಸಿ ಮಂಡಿಸಿ" ಅಂತ ಬರದು ಸಹಿ ಹೊಡದು ನಮ್ಮವ್ರ ಕೈಯಾಗ ಕೊಟ್ರು. ನಮ್ಮವ್ರು ಅದನ್ನ ಒಂದು ಫೈಲಿನ್ಯಾಗ ಹಾಕಿ ಲಾಡಿ ಕಟ್ಟಿದ್ರು. ಇಬ್ಬರ ಮಾರೀ ಮ್ಯಾಲೂ ಎಂಥಾ ಸಮಾಧಾನ ಅಂತೀರಿ!

ಎಂಟು ದಿನ ಬಿಟ್ಟು "ಚರ್ಚಿಸಿ" ಅಂತ ಬಂತು. ಚರ್ಚಿಸಿದ್ರು. ಮೂರು ಅಂಗಡಿ ಕೊಟೇಶನ್ ಬೇಕಂದ್ರು. ಹುಬ್ಬಳ್ಳ್ಯಾಗ ಒಂದು, ಅಣ್ಣಿಗೇರ್ಯಾಗ ಒಂದು, ನಮ್ಮೂರಾಗ ಒಂದು ತಂದ್ರು. ತರಾಕ ನಮ್ಮವ್ರನ್ನ ಕರಕೊಂಡ ಹೋದಾಕಿ ಯಾರು? ನಾನ. ಅದ ಬೋಳ ಟಾಯರಿನ ಮ್ಯಾಲೆ. ಆಮ್ಯಾಲ ಉದ್ದಾನ ಹಾಳಿ ಮ್ಯಾಲೆ ಕೆಂಪು ಗೀರ ಹೊಡದು ಮೂರರ ಹೋಲಿಕಿ ಪಟ್ಟಿ ಮಾಡಿದ್ರು. ಪಟ್ಟಿ ಮುಗಿಯೂದ್ರಾಗ ಕೊಟೇಶನ್ನಿನ ಅವಧಿ ಮುಗದಿತ್ತು. ಮತ್ತ ಮೊದಲಿಂದ ಚಾಲೂ. ಹಿಂಗ ಬ್ಯಾಸಗಿ ಸೂಟಿ ಪೂರಾ ಹೋತು.

ಮೇ ತಿಂಗಳ ಕಡೀಕ ಫೈಲು ನನ್ನ ಕಡೆ ಬಂತು. ಮಂಜೂರಾತು ಅಂತ ಲಗೂನ ಲಾಡಿ ಬಿಚ್ಚಿ ನೋಡಿದೆ. ಹಸರು ಶಾಯಿಲೆ ಬರದಿದ್ರು: "ಸದರಿ ಟಾಯರುಗಳು ಸವೆಯಲು ಕಾರಣರಾದವರು ಯಾರು? ಹೊಣೆಗಾರಿಕೆ ನಿಗದಿಪಡಿಸಿ, ಅವರಿಂದ ಸಮಜಾಯಿಷಿ ಪಡೆಯುವುದು."

೩. ಜೋಡಿ

ಆ ಫೈಲನ್ನ ನಾ ಅಟ್ಟದ ಮ್ಯಾಲೆ ಒಗದೆ. "ಇನ್ನ ಎಂಟು ದಿನಕ್ಕ ಸಾಲಿ ಚಾಲೂ ಆಗ್ತಾವ, ಆ ಹೊಟ್ಟಿಯೊಳಗಿನ ಕೂಸಿಗೆ ಏನರ ಆದ್ರ ಹೊಣೆಗಾರಿಕಿ ಯಾರ ಮ್ಯಾಲೆ ಹಾಕ್ತೀರಿ?" ಅಂತ ಒದರಾಡಿದೆ. ನಮ್ಮವ್ರು ಹೆದರಿ ಅವರಣ್ಣಗ ಫೋನ ಮಾಡಿದ್ರು. ಭಾವಾರು ಮರುದಿನ ಮುಂಜಾನೆ ಮೊದಲನೇ ಬಸ್ಸಿಗೆ ಬಂದ್ರು. ಶಿರಸ್ತೇದಾರ್ರೂ ಬಂದ್ರು. ಮೂರು ಮಂದಿ ಸೇರಿದ್ರು. ನಾ ಉಪ್ಪಿಟ್ಟು ಮಾಡಾಕ ಒಳಗ ಹೋದೆ.

ಭಾವಾರು ಚಪ್ಪಲಿ ಬಿಟ್ಟು ಟಾಯರಿನ ಮುಂದ ಕುಕ್ಕರಗಾಲಿಲೆ ಕೂತ್ರು. ಅಂಗೈಲೆ ಎರಡ ಸಲ ಬಡದ್ರು. ಹೆಬ್ಬಟ್ಟು ಒತ್ತಿದ್ರು. ಬಗ್ಗಿ ಮೂಸಿ ನೋಡಿದ್ರು. "ಆರು ಹಲ್ಲಾಗ್ಯಾವ" ಅಂದ್ರು, ಎತ್ತಿನ ವಯಸ್ಸು ಹೇಳೂವಂಗ. "ಇನ್ನೂ ಗಳೇ ಹೊಡಿಯೂ ವಯಸ್ಸು. ಆದ್ರೂ ತಂಗಿ ಅಂಜತಾಳಂದ್ರ ಎರಡು ಬದಲಿ ಮಾಡೂಣು. ಯಾರರ ಒಮ್ಮೆಕ್ಕ ನಾಕು ಎತ್ತು ತರತಾರೇನು? ಜೋಡಿ ತರೂದು."

"ಮುಂದ ಹಾಕೂದೋ, ಹಿಂದ ಹಾಕೂದೋ?" ಅಂತ ನಮ್ಮವ್ರು ಕೇಳಿದ್ರು.

"ಮುಂದ. ಎಳಿಯೂವು ಮುಂದಿನವು."

"ಅದ ಹೆಂಗ ಆಗ್ತೈತ್ರಿ?" ಅಂತ ಶಿರಸ್ತೇದಾರ್ರು ನಡುವ ಬಾಯಿ ಹಾಕಿದ್ರು. "ಆರು ವರ್ಷ ಹಿಂದ ನಿಂತು ದುಡದವನ್ನ ಹಿಂದ ಬಿಟ್ಟು, ನಿನ್ನೆ ಬಂದವನ್ನ ಮುಂದ ಕೂಡಸ್ತೀರಿ? ಸೀನಿಯಾರಿಟಿ ಅನ್ನೂದು ಐತೋ ಇಲ್ಲೋ? ಹಿಂದಿನವಕ್ಕ ಬಡ್ತಿ ಕೊಟ್ಟು ಮುಂದ ತರ್ರಿ. ಹೊಸಾವು ಹಿಂದಿಂದ ಬರಲಿ. ಇನ್ನ ಆ ಡಿಕ್ಕ್ಯಾಗಿನ ಸ್ಟೆಪ್ನಿ? ಆರು ವರ್ಷ ಕುಂತ ಪಗಾರ ತಿಂದೈತಿ. ಅದನ್ನ ಡ್ಯೂಟಿಗೆ ಹಚ್ಚಿದ್ರ ಒಂದ ಹೊಸಾ ಟಾಯರ ತಂದ್ರ ಸಾಕು."

"ಆರು ವರ್ಷ ಕೊಟ್ಟಗ್ಯಾಗ ಕಟ್ಟಿದ್ದನ್ನ ಹೊಸಾ ಎತ್ತಿನ ಜೋಡಿ ಹೂಡತೀರೇನ್ರಿ? ಗಳೇ ಹೂಡಿದ್ದ ಗೊತ್ತೈತೇನ ನಿಮಗ?"

"ನಿಮಗ ಸೇವಾ ನಿಯಮ ಗೊತ್ತೈತೇನ್ರಿ?"

ಮೂವರಿಗೂ ಉಪ್ಪಿಟ್ಟಿನ ತಾಟು ಕೊಟ್ಟು ಒಳಗ ಹೋಗಿದ್ದೆ, ನಿಂದ್ರಾಕ ಆಗಲಿಲ್ಲ. ಸೌಟು ಹಿಡಕೊಂಡ ಹೊರಗ ಬಂದೆ. "ನಾಕೂ ಬೋಳ ಆಗ್ಯಾವ, ನಾಕೂ ಬದಲಿ ಮಾಡ್ರಿ. ಸ್ಟೆಪ್ನಿ ಹಾಕಬ್ಯಾಡ್ರಿ, ಕುಂತಲ್ಲೇ ಅದರ ರಬ್ಬರ ಬಿರಕ ಬಿಟ್ಟೈತಿ. ಮೊರಬದ ರಸ್ತೆ ಮಳ್ಯಾಗ ಹೆಂಗಾಗ್ತೈತಿ ನಿಮಗ ಗೊತ್ತಿಲ್ಲ. ದಿನಾ ಗಾಡಿ ಹೊಡಿಯೂದು ನಾನು, ನನ್ನ ಮಾತ ಒಂದೀಟ ಕೇಳ್ರಿ" ಅಂದೆ.

ಮೂವರೂ ತಾಟಿನಿಂದ ತಲಿ ಎತ್ತಿದ್ರು. ನನ್ನ ಕಡೆ ನೋಡಿದ್ರು. ಭಾವಾರಂತೂ ತಲಿ ಅಲ್ಲಾಡಿಸಿದ್ರು. ಪರವಾಗಿಲ್ಲ, ಹಿರೇ ಮನಶ್ಯಾಗ ತಿಳೀತು ಅನಕೊಂಡೆ.

"ತಂಗಿ," ಅಂದ್ರು ಭಾವಾರು, "ಉಪ್ಪಿಟ್ಟಿನ್ಯಾಗ ಉಪ್ಪ ಒಂದೀಟ ಕಡಿಮಿ ಬಿದ್ದೈತಿ ನೋಡವಾ."

೪. ನಡಿಗಿ ನೋಡಿ ತಗೋಬೇಕು

ಸಾಲಿ ಚಾಲೂ ಆಗೂ ಹಿಂದಿನ ರವಿವಾರ ಮೂವರನ್ನೂ ಗಾಡ್ಯಾಗ ಹಾಕ್ಕೊಂಡು ನಮ್ಮೂರಿನ ಟಾಯರ ಅಂಗಡಿಗೆ ಹೋದೆ. ಅಂಗಡಿ ಮಾಲಕಾ ಇನ್ನೂ ಮೂವತ್ತರ ಒಳಗಿನ ಮನಶ್ಯಾ, ಮರ್ಯಾದಸ್ಥ. "ಬರ್ರಿ, ಕೂಡ್ರಿ" ಅಂದಾ. ಒಂದು ಟಾಯರ ತಂದು ಮುಂದ ನಿಲ್ಲಿಸಿ ಅದರ ಗುಣಾ ಹೇಳಾಕ ಬಾಯಿ ತಗದಾ.

ಅಷ್ಟರಾಗ ಭಾವಾರು ಹೆಗಲ ಮ್ಯಾಲಿನ ಟಾವೆಲ್ ತಗದು ಅವನ ಕೈ ಮ್ಯಾಲೆ ಹಾಕಿ, ಅದರ ಒಳಗ ತಮ್ಮ ಕೈ ತೂರಿಸಿ ಅವನ ಬೆರಳ ಹಿಡದ್ರು. ದನದ ಸಂತ್ಯಾಗ ವ್ಯಾಪಾರ ಹಂಗ. ಬಾಯಿಲೆ ರೇಟ ಆಡಂಗಿಲ್ಲ. ಬಟ್ಟಿ ಒಳಗ ಬೆರಳ ಹಿಚಕಿ ಹೇಳೂದು, ಬಾಜೂದವ್ರಿಗೆ ಗೊತ್ತಾಗಬಾರದು ಅಂತ. ಈ ಪಾಪದ ಹುಡುಗಗ ಇದೇನ ಗೊತ್ತು? ಸಟ್ಟನ ಕೈ ಜಗ್ಗಿಕೊಂಡಾ. "ಕಾಕಾ, ಏನ ಮಾಡಾಕತ್ತೀರಿ?"

"ಬೆರಳ ಕೊಡಲೇ."

"ರೇಟ ಗ್ವಾಡಿ ಮ್ಯಾಲೆ ಬರದೈತ್ರಿ ಕಾಕಾ!"

"ಗ್ವಾಡಿ ಮ್ಯಾಲೆ ಬರದಿದ್ದು ಎಲ್ಲಾರಿಗೂ ಕಾಣತೈತಿ. ಅದೆಂಥಾ ರೇಟಲೇ?"

ಸಿಟ್ಟಿಗೆದ್ದು ಭಾವಾರು ಟಾವೆಲ್ ಝಾಡಿಸಿ ಹೆಗಲಿಗೆ ಹಾಕ್ಕೊಂಡ್ರು. "ಇರ್ಲಿ, ನಡಿಗಿ ತೋರ್ಸು" ಅಂದ್ರು.

"ಏನ ತೋರಸ್ಲಿ?"

"ನಡಸಿ ನೋಡದ ಮಾಲ ತಗೊಳ್ಳಾಕ ನಮಗೇನ ಹುಚ್ಚ ಹಿಡದೈತೇನು?" ಅಂದಾವ್ರ, ಟಾಯರನ್ನ ತಾವ ಎತ್ತಿಕೊಂಡು ರಸ್ತೆಗೆ ತಂದು ಹಿಂದ ಒಂದು ಏಟು ಹಾಕಿ ಬಿಟ್ರು. ಅಂಗಡಿ ಮುಂದಿನ ರಸ್ತೆ ಗುಡ್ಡದ ಕಡಿಂದ ಬಸ್ಟ್ಯಾಂಡಿನ ಕಡೆ ಇಳಕಲ. ಟಾಯರು ಮೊದಲ ಸಾವಕಾಶ ಹೊಂಟಿತು. "ನೋಡಲೇ, ಹೆಂಗ ತಲಿ ಎತ್ತಿ ನಡೀತೈತಿ!" ಅಂದ್ರು ಭಾವಾರು. ಅಂದು ಮುಗಿಯೂದ್ರಾಗ ಅದು ಓಡಾಕ ಹತ್ತಿತು. ಒಂದು ನಾಯಿ ಪಾರಾತು. ಒಂದು ಸೈಕಲ್ ಚರಂಡಿಗೆ ಇಳೀತು. ನಮ್ಮವ್ರು, "ಬ್ರೇಕ! ಬ್ರೇಕ!" ಅಂತ ಚೀರಿ ನಿಂತ ನೆಲಾನ ತುಳದ್ರು. ಶಿರಸ್ತೇದಾರ್ರು ಗಡಿಯಾರ ನೋಡಿ ಏನೋ ಬರಕೊಂಡ್ರು. ಅಂಗಡಿ ಮಾಲಕಾ ಟಾಯರಿನ ಹಿಂದ ಬಾಯಿ ಬಾಯಿ ಬಡಕೋತ ಓಡಿದಾ.

ಕೆಳಗ ಬಸ್ಟ್ಯಾಂಡಿನ ಮೂಲ್ಯಾಗ ಒಬ್ಬ ಮಿರ್ಚಿ ಭಜಿ ಗಾಡಿ ಹಚ್ಚಿದ್ದಾ. ಟಾಯರ ಹೋಗಿ ಗಾಡಿ ಬಾಜೂಕ ಇಟ್ಟಿದ್ದ ಕಡ್ಲಿ ಹಿಟ್ಟಿನ ಪಾತೇಲಿಗೆ ಬಡದು, ಒಂದ ಸುತ್ತು ಹೊಳ್ಳಿ, ಅದ ಹಿಟ್ಟಿನ್ಯಾಗ ಅಡ್ಡ ಬಿತ್ತು. ನಾವೆಲ್ಲಾ ಹೋಗಿ ಮುಟ್ಟೂದ್ರಾಗ ಭಜಿಯವ ಜಾಳಗಿ ಹಿಡಕೊಂಡ ಟಾಯರನ್ನ ನೋಡಕೋತ ನಿಂತಿದ್ದಾ. ಸಿಟ್ಟಿಲ್ಲ, ಏನಿಲ್ಲ. ಸಾವಕಾಶ ಕೇಳಿದಾ, "ಹಿಟ್ಟಂತೂ ಹತ್ತೈತಿ. ಕರದ ಕೊಡ್ಲೇನ್ರಿ?"

ಹಿಟ್ಟಿನ ರೊಕ್ಕ ನಾ ಕೊಟ್ಟೆ. ಅಂಗಡಿ ಮಾಲಕಾಗ ಕೈ ಮುಗದೆ. ಇಷ್ಟೆಲ್ಲಾ ಆದ ಮ್ಯಾಲೆ ಟಾಯರ ತಗೊಂಡ್ರೇನು? ಇಲ್ಲ. "ಬಲಕ್ಕ ಜಗ್ಗತೈತಿ, ಈ ಮಾಲ ನಮಗ ಬ್ಯಾಡ" ಅಂದ್ರು ಭಾವಾರು.

೫. ಹೆಸರಿನ ಹೊಲ

ಇದೊಂದನ್ನ ಹೇಳೂವಾಗ ಮಾತ್ರ ನನಗ ಈಗೂ ನಗು ಬರಂಗಿಲ್ಲ.

ಮಿರಗದ ಮಳಿ ಈ ಸಲ ವ್ಯಾಳ್ಯಾಕ್ಕ ಬಂತು. ಸಾಲಿ ಬಿಟ್ಟು ನಾನೂ ವಿಜ್ಞಾನದ ಟೀಚರೂ ಮೊರಬದಿಂದ ಹೊಂಟಿದ್ವಿ. ಮಳಿ ಆಗ ನಿಂತಿತ್ತು. ಹೊಲದಿಂದ ಬಂದ ಟ್ರ್ಯಾಕ್ಟರಗೋಳು ರಸ್ತೆ ತುಂಬ ಯರಿ ಮಣ್ಣು ಉದುರಿಸಿದ್ದುವು, ಅದು ಮಳಿಗೆ ಬೆಣ್ಣಿ ಆಗಿತ್ತು. ನಾ ಸಾವಕಾಶನ ಹೊಂಟಿದ್ದೆ. ಒಂದು ತಿರುವಿನ್ಯಾಗ ಎದುರಿಗೆ ಬಸ್ಸು ಬಂತಂತ ಒಂದೀಟ ಬ್ರೇಕ ಹಿಡದೆ. ಅಷ್ಟ. ಗಾಡಿ ನನ್ನ ಮಾತ ಕೇಳಲಿಲ್ಲ. ಸ್ಟೇರಿಂಗ್ ಒಂದ ಕಡೆ, ಗಾಡಿ ಒಂದ ಕಡೆ. ಬಸ್ಸು ನಮ್ಮ ಕಿಡಕಿ ಹಂತ್ಯಾಕ ಭುರ್ ಅಂತ ಹೋತು. ಗಾಡಿ ಪೂರಾ ಒಂದು ಸುತ್ತು ತಿರುಗಿ, ರಸ್ತೆ ಇಳದು, ಹೊಲದಾಗ ಹೋಗಿ ನಿಂತಿತು.

ಹಿಂದ ಹೊಳ್ಳಿ ನೋಡಾಕ ನನಗ ಧೈರ್ಯಾ ಬರಲಿಲ್ಲ. "ಟೀಚರ?" ಅಂದೆ. "ಟೀಚರ?" ಅಂತ ಮತ್ತೊಮ್ಮಿ ಅಂದು ಕನ್ನಡ್ಯಾಗ ನೋಡಿದೆ. ಅವರು ಎರಡೂ ಕೈ ಹೊಟ್ಟಿ ಮ್ಯಾಲೆ ಇಟ್ಟುಕೊಂಡು ಕಣ್ಣು ಮುಚ್ಚಿದ್ರು. ಒಂದು ಗಳಿಗಿ ಬಿಟ್ಟು ಕಣ್ಣು ತಗದ್ರು. "ಒದ್ಯಾಕತ್ತೈತಿ ಅಕ್ಕಾರ" ಅಂದ್ರು. "ನಾಕ ಸಲ ಒದೀತು. ಅದಕ್ಕೂ ಸಿಟ್ಟು ಬಂದಂಗೈತಿ." ನಾನು ಸ್ಟೇರಿಂಗ್ ಮ್ಯಾಲೆ ತಲಿ ಇಟ್ಟು ಅತ್ತಬಿಟ್ಟೆ.

ಹೊಲದವ ಕೊಡಿ ಹಿಡಕೊಂಡು ರಾಡ್ಯಾಗ ಕಾಲ ಕಿತ್ತಿಡಕೋತ ಬಂದಾ. ಕಿಡಕ್ಯಾಗ ಇಣಕಿ ಇಬ್ಬರೂ ಜೀವಂತ ಅದೇವಿ ಅಂತ ಖಾತ್ರಿ ಮಾಡಕೊಂಡಾ. ಆಮ್ಯಾಲ ಅಂದಾ, "ಅಕ್ಕಾರ, ಹೆಸರು ಈಗ ಮೊಳಕಿ ಬಂದೈತ್ರಿ. ಗಿರಕಿ ಹೊಡಿಯೂದಿದ್ರ ಆ ಕಡೆ ಹೊಲದಾಗ ಹೊಡೀರಿ, ಅದು ನನ್ನ ತಮ್ಮಂದು."

ಅವ ಟ್ರ್ಯಾಕ್ಟರ ತಂದು ಗಾಡಿ ರಸ್ತೆಗೆ ಎಳದು ಹಾಕಿದಾ. ಟೀಚರನ್ನ ಮೊದಲ ದವಾಖಾನಿಗೆ ತೋರಿಸಿ, ಎಲ್ಲಾ ಬರೋಬರಿ ಐತಿ ಅಂತ ಕೇಳಿ, ಅವರ ಮನೀಗೆ ಬಿಟ್ಟೆ. ಮನೀಗೆ ಬಂದು ನಮ್ಮವ್ರಿಗೆ ಎಲ್ಲಾ ಹೇಳಿದೆ. ಅವರ ಮಾರಿ ಬಿಳಚಿಕೊಂಡಿತು. ಎದ್ದು ನಿಂತ್ರು. ಪಾಪ, ಎಷ್ಟಾದ್ರೂ ಗಂಡಾ, ಜೀವಾ ಚುರ್ ಅಂದಿರಬೇಕು ಅನಕೊಂಡೆ.

"ಬಂಪರಿಗೆ ಏನೂ ಆಗಿಲ್ಲಲ್ಲಾ?" ಅಂದ್ರು.

ಮರುದಿನಾ ನಾ ಸಾಲಿಗೆ ಅರ್ಧಾ ದಿನ ರಜಾ ಹಾಕಿದೆ. ನೆಟ್ಟಗ ಆ ಟಾಯರ ಅಂಗಡಿಗೆ ಹೋದೆ. ಮಾಲಕಾ ನನ್ನ ನೋಡಿದಾವನ, ಮೊದಲ ನನ್ನ ಹಿಂದ ನೋಡಿದಾ, ಆಮ್ಯಾಲ ಗಾಡಿ ಒಳಗ ನೋಡಿದಾ. "ಕಾಕಾರು ಬಂದಿಲ್ಲಲ್ಲರಿ?"

"ಇಲ್ಲಪ್ಪಾ, ನಾ ಒಬ್ಬಾಕಿನ ಬಂದೇನಿ."

ಉಸರ ಬಿಟ್ಟಾ. ಕುರ್ಚಿ ಹಾಕಿದಾ. ಕೇಳಿದಾ: "ದಿನಾ ಯಾವ ರಸ್ತೆ ಮ್ಯಾಲೆ ಹೋಗ್ತೀರಿ? ಎಷ್ಟು ಮಂದಿ ಇರ್ತೀರಿ? ಬ್ರೇಕ ಹಿಡದ್ರ ಯಾವ ಕಡೆ ಜಾರತೈತಿ?" ಮೂರು ತಿಂಗಳಾಗಿತ್ತು ನೋಡ್ರಿ, ಗಾಡಿ ಹೊಡಿಯಾಕಿಗೆ ಇವನ್ನ ಕೇಳಬೇಕು ಅಂತ ಒಬ್ಬರಿಗೂ ಹೊಳದಿರಲಿಲ್ಲ. ರಾಡ್ಯಾಗ ಹಿಡತ ಇರೂವಂಥಾ, ಹೊಸದಾಗಿ ತಯಾರಾದ ನಾಕು ಟಾಯರ ತೋರಿಸಿದಾ. ತಯಾರಾದ ವಾರಾ, ವರ್ಷಾ ಟಾಯರಿನ ಮ್ಯಾಲೆ ಎಲ್ಲಿ ಬರದಿರ್ತೈತಿ ಅಂತ ಬೆರಳ ಇಟ್ಟು ತೋರಿಸಿದಾ. ಹಾಕಿಸಿದೆ, ನನ್ನ ಪಗಾರದಾಗಿಂದ ಕೊಟ್ಟೆ, ಬಿಲ್ಲು ಪರ್ಸಿನ್ಯಾಗ ಇಟ್ಟೆ. ಹಳೇವನ್ನ ಅಲ್ಲೇ ಬಿಟ್ಟು ಬಂದೆ. ಎಲ್ಲಾ ಸೇರಿ ಒಂದು ತಾಸು. ಮೂರು ಮಂದಿ ಜಾಣರು ಇಲ್ಲದಿದ್ರ ಒಂದು ತಾಸಿನ ಕೆಲಸ ಅದು.

೬. ಕೂದಲಾ

ಅವತ್ತ ಸಂಜೀಕನ ನಮ್ಮವ್ರಿಗೆ ಹೇಳಬೇಕಂತ ಬಂದೆ. ಅವರು ಬಾಗಲದಾಗ ನಿಂತು ಗಾಡಿ ಕಡೆ ನೋಡಿ, "ಬಂಪರಿನ ರಾಡಿ ತೊಳಿ" ಅಂದು ಒಳಗ ಹೋದ್ರು. ನಾನೂ ಸುಮ್ಮನಾದೆ. ಇವರಿಗೆ ತಾವಾಗಿ ಎಂದ ಗೊತ್ತಾಗ್ತೈತಿ ನೋಡೂಣು ಅಂತ ಹಟಾ ಬಂತು. ಒಂದು ವಾರಾತು. ಎರಡಾತು. ದಿನಾ ಗಾಡಿ ಬಾಜೂಕಿಂದ ಆಫೀಸಿಗೆ ಹೋಗ್ತಾರ, ಬರ್ತಾರ. ನಾಕು ಟಾಯರು ಕರ್ರಗ, ಗೀರ ತುಂಬಿಕೊಂಡು, ಮುಂದ ನಿಂತಾವ. ಕಾಣವಲ್ವು.

ಮೂರನೇ ವಾರ ಮತ್ತ ಮೂವರೂ ಸೇರಿದ್ರು. ಹೊಲದಾಗ ಗಾಡಿ ಹೋಗಿದ್ದ ಸುದ್ದಿ ಭಾವಾರಿಗೆ ಮುಟ್ಟಿತ್ತು. "ಈ ಟಾಯರಿನ ಹಣೇಬಾರ ಇವತ್ತ ಒಂದ ಮಾಡೇಬಿಡೂಣು, ತಂಗಿ ಅಂಜಿಕೊಂಡಾಳ" ಅಂದ್ರು. ನಾ ಬಾಗಲದಾಗ ನಿಂತು ನೋಡಿದೆ. ಈಗಂತೂ ಗೊತ್ತಾಗ್ತೈತಿ, ಕುರುಡರಿಗೂ ಗೊತ್ತಾಗ್ತೈತಿ ಅನಕೊಂಡೆ.

ಶಿರಸ್ತೇದಾರ್ರು ಕಿಸೆದಾಗಿಂದ ಸ್ಕೇಲಪಟ್ಟಿ ತಗದು ಟಾಯರಿನ ಗೀರಿನ್ಯಾಗ ಇಳಿಸಿ ಅಳತಿ ನೋಡಿದ್ರು. ಚಷ್ಮಾ ಒರಸಿಕೊಂಡು ಮತ್ತೊಮ್ಮಿ ನೋಡಿದ್ರು. "ಆರು ವರ್ಷದಾಗ ಗಮನಾರ್ಹ ಸವೆತ ಕಂಡು ಬಂದಿಲ್ಲ" ಅಂದ್ರು.

ಭಾವಾರು ಕುಕ್ಕರಗಾಲಿಲೆ ಕೂತು ಟಾವೆಲಿಲೆ ರಾಡಿ ಒರಸಿದ್ರು. ಹೊಸಾ ಟಾಯರಿನ ಮಗ್ಗಲಿಗೆ ಸಣ್ಣ ಸಣ್ಣ ರಬ್ಬರಿನ ಕೂದಲಾ ಇರ್ತಾವ, ನೀವೂ ನೋಡಿರಬೇಕು. ತಯಾರಾಗಿ ಬರೂವಾಗ ಇರ್ತಾವ, ಓಡಿ ಓಡಿ ಸವದು ಹೋಗ್ತಾವ. ಭಾವಾರ ಬೆರಳಿಗೆ ಅವು ಸಿಕ್ಕವು. ಮುಗೀತು, ಸಿಕ್ಕಬಿದ್ದೆ ಅಂತ ನಾ ಪರ್ಸಿಗೆ ಕೈ ಹಾಕಿ ಬಿಲ್ಲು ಹಿಡಕೊಂಡೆ.

"ಏ, ಇಲ್ಲಿ ಬರ್ರಿ, ಇಲ್ಲಿ ನೋಡ್ರಿ!" ಅಂತ ಭಾವಾರು ಕೂಗಿದ್ರು. "ಮೈ ಮ್ಯಾಲಿನ ಕೂದಲಾ ನೋಡ್ರಿ! ಆರು ವರ್ಷ ದುಡದ್ರೂ ಹೆಂಗ ಮಿಂಚಾಕತ್ತಾವ! ಮೈಯಾಗ ರಗತ ಇದ್ದದ್ದಕ್ಕ ಹಿಂಗ ಇರ್ತೈತಿ. ಈಗ ಬರೂ ಹೊಸಾ ಟಾಯರಿಗೆ ಇಂಥಾ ಕೂದಲಾ ಎಲ್ಲಿಂದ ತರ್ತೀರಿ? ಇದು ಹಿಂದಿನ ಕಾಲದ ಮಾಲು, ಜವಾರಿ. ಇದನ್ನ ಬಿಚ್ಚಿಸಿದ್ರ ನಿಮ್ಮಂಥಾ ಹುಚ್ಚರಿಲ್ಲ."

ನಮ್ಮವ್ರು ಎದಿ ಉಬ್ಬಿಸಿ ನನ್ನ ಕಡೆ ಹೊಳ್ಳಿದ್ರು. "ಕೇಳಿದೇನ? ಇವನ್ನ ಕಿತ್ತ ಒಗೀರಿ ಅಂತ ನಾಕು ತಿಂಗಳ ನನ್ನ ತಲಿ ತಿಂದಿ! ನಿನ್ನ ಮಾತ ಕೇಳಿದ್ರ ಬಂಗಾರದಂಥಾ ಟಾಯರ ಹೋಗಿ ಬಿಡ್ತಿದ್ದುವು. ಜಾರಿದ್ದು ಟಾಯರಿಂದಲ್ಲ, ನಿನಗ ಬ್ರೇಕ ಹಿಡಿಯಾಕ ಬರಂಗಿಲ್ಲ."

ಮೈ ಎಲ್ಲಾ ಉರೀತು ನನಗ. ಬಿಲ್ಲು ತಗದು ಮೂವರ ಮಾರಿಗೆ ಹಿಡಿಬೇಕು ಅನಿಸಿತು. ಬೋಳ ಇದ್ದಾಗ ಗಟ್ಟಿ ಅದಾವ ಅಂದ ಮಂದಿ ಇವರು, ಹೊಸಾವು ಬಂದಾಗ ಹಳೇವು ಅಂದ್ರು. ನಾಕು ತಿಂಗಳದಾಗ ಒಮ್ಮಿನೂ ಟಾಯರ ನೋಡಲೇ ಇಲ್ಲ. ಇಂಥಾವ್ರಿಗೆ ಬಿಲ್ಲು ತೋರಿಸಿ ಏನ ಉಪಯೋಗ? ಬಿಲ್ಲಿಗೂ ಒಂದು ಫೈಲು ಮಾಡ್ತಾರ. "ಹೌದ್ರಿ, ನಂದ ತಪ್ಪಾತು" ಅಂದು ಚಾ ಇಡಾಕ ಒಳಗ ಹೋದೆ.

ಅವತ್ತಿಂದ ನಮ್ಮವ್ರು ಆಫೀಸಿನ್ಯಾಗ ಟಾಯರಿನ ಪಂಡಿತರಾಗ್ಯಾರ. ಸಿಕ್ಕ ಸಿಕ್ಕವ್ರಿಗೆ ಹೇಳೂದ ಹೇಳೂದು, "ನಮ್ಮ ಗಾಡಿದು ಆರು ವರ್ಷ ಆತು, ಒಂದ ಕೂದಲಾ ಉದುರಿಲ್ಲ." ಮೊನ್ನೆ ರವಿವಾರ ಅವರ ಜೋಡಿ ಕೆಲಸಾ ಮಾಡೂ ಒಬ್ರು ತಮ್ಮ ಹೆಂಡತಿನ್ನ ಕರಕೊಂಡು ನಮ್ಮ ಟಾಯರ ನೋಡಾಕಂತನ ಬಂದಿದ್ರು. ಆಕೀಗೆ ಅಣ್ಣಿಗೇರಿ ಬ್ಯಾಂಕಿನ್ಯಾಗ ಕೆಲಸ, ದಿನಾ ತಾನ ಗಾಡಿ ಹೊಡಕೊಂಡ ಹೋಗ್ತಾಳ. "ಇಕೀದು ಒಂದ ಹಟಾ ನೋಡ್ರಿ, ನಾಕೂ ಟಾಯರ ಬದಲಿ ಮಾಡ್ರಿ ಅಂತಾಳ" ಅಂತ ಅವರು ನಗಕೋತ ಹೇಳಿದ್ರು. ನಮ್ಮವ್ರೂ ನಕ್ಕು, ಅವರ ಹೆಗಲ ಮ್ಯಾಲೆ ಕೈ ಹಾಕಿ ಗಾಡಿ ಹಂತ್ಯಾಕ ಕರಕೊಂಡ ಹೋದ್ರು. ಇಬ್ಬರೂ ಬಗ್ಗಿ ಕೂದಲಾ ಎಣಿಸಾಕ ಹತ್ತಿದ್ರು.

ಆಕಿನೂ ಬಗ್ಗಿ ನೋಡಿದ್ಲು. ಅಗದಿ ಒಂದ ಗಳಿಗಿ. ಎದ್ದು ನಿಂತು ನನ್ನ ಮಾರಿ ನೋಡಿದ್ಲು. ಆಮ್ಯಾಲ ಹಂತ್ಯಾಕ ಸರದು, ಗಂಡಸರಿಗೆ ಕೇಳಿಸದಂಗ, ಸಣ್ಣ ದನಿಲೆ ಕೇಳಿದ್ಲು.

"ಅಕ್ಕಾರ, ಯಾವ ಅಂಗಡ್ಯಾಗ ಹಾಕಿಸಿದ್ರಿ?"